ಹೊಸ ಡಬ್ಬಿ ತಾರದ ಚಂಪಾವೈನಿ

ಆಟದ ಸಾಮಾನಿನ ಅಂಗಡಿಯ ಮುಂದೆ ಚಂಪಾವೈನಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನಿಲ್ಲುತ್ತಿದ್ದರು, ಶಾಲೆಯ ತಪಾಸಣೆಗೆ ಬಂದ ಸಾಹೇಬರ ಹಾಗೆ. ಗೋಡೆಗೆ ಒರಗಿಸಿಟ್ಟ ಲೂಡೊ, ಹಾವು-ಏಣಿ, ಚೈನೀಸ್ ಚೆಕರ್, ಬಣ್ಣಬಣ್ಣದ ಹೊಸ ಡಬ್ಬಿಗಳು, ಎಲ್ಲವನ್ನೂ ಕಣ್ಣಿನಿಂದಲೇ ಬಿಚ್ಚಿ, ಕಣ್ಣಿನಿಂದಲೇ ಕಟ್ಟಿಡುತ್ತಿದ್ದರು. ಕೈ ಮಾತ್ರ ಮುಂದೆ ಬರುತ್ತಿರಲಿಲ್ಲ. ಯಾಕೆಂದು ಒಮ್ಮೆ ಕೇಳಿದೆ. "ಈ ಕೈ ಭಾಳ ಕೆಟ್ಟದ್ದೈತಿ ಕಸ್ತೂರಿ. ಒಂದ ಸಲ ಮುಟ್ಟಿದ್ರ ಮುಗೀತು, ಡಬ್ಬಿ ಮನಿಗೆ ಬಂತಂತನ ತಿಳಿ" ಎಂದರು.

ಎಪ್ಪತ್ತರ ದಶಕದ ನಡುವಿನ ಮಾತು. ಮದುವೆಯಾಗಿ ಧಾರವಾಡದ ಕಡೆಯಿಂದ ದಾಂಡೇಲಿಗೆ ಬಂದಿದ್ದೆ. ನಮ್ಮವರಿಗೆ ಕಾಗದದ ಗಿರಣಿಯಲ್ಲಿ ಕೆಲಸ, ವಾರಕ್ಕೊಂದು ಪಾಳಿ. ಹಗಲು ಪಾಳಿಯಿದ್ದಾಗ ಕ್ವಾರ್ಟರ್ಸಿನ ಆ ಎರಡು ಕೋಣೆಯಲ್ಲಿ ನನ್ನೊಂದಿಗೆ ಮಾತಾಡಲು ಗೋಡೆಯ ಮೇಲಿನ ಹಲ್ಲಿಯೂ ಇರುತ್ತಿರಲಿಲ್ಲ. ನಾಲ್ಕನೆಯ ದಿನವೋ ಐದನೆಯ ದಿನವೋ ಪಕ್ಕದ ಮನೆಯ ಕಂಪೌಂಡಿನ ಮೇಲೆ ಒಂದು ಅಗಲವಾದ ಮುಖ ಕಾಣಿಸಿಕೊಂಡು, "ಏನ ತಂಗಿ, ಒಬ್ಬಾಕೀನ ಕುಂತ ಗೋಡಿ ನೋಡ್ತಿಯಲ್ಲ, ಲೂಡೊ ಆಡಾಕ ಬರ್ತೈತೇನು?" ಎಂದು ಕೇಳಿತು. ಸಾಲಿಗೆಲ್ಲ ವೈನಿ, ಅಂದರೆ ಅತ್ತಿಗೆಯಾಗಿದ್ದ ಚಂಪಾವೈನಿ, ನನ್ನ ಹೆಸರು ಕೇಳುವ ಮೊದಲೇ ಆಟ ಕೇಳಿದ್ದರು. ಬರುತ್ತದೆ ಎಂದೆ. "ಹಂಗಾರ ಬಾ, ಚಾ ಆಮ್ಯಾಲ ಕುಡಿಯೂಣು."

ಅವರ ತವರು ಮುಂಡಗೋಡ ತಾಲೂಕಿನ ಪಾಳಾ. ಅಲ್ಲಿ ಕಕ್ಕಂದಿರು ಸಂಜೆ ಪಡಸಾಲೆಯಲ್ಲಿ ಪಗಡೆ ಹಾಸಿ ಕುಳಿತರೆ ಹೆಣ್ಣುಮಕ್ಕಳಿಗೆ ಅಡುಗೆಮನೆಯ ಬಾಗಿಲಿನಾಚೆ ಪ್ರವೇಶವಿರಲಿಲ್ಲ. ಚಂಪಾವೈನಿ ಬಾಗಿಲ ಸಂದಿಯಲ್ಲಿ ನಿಂತು, ಇಣುಕಿ ಇಣುಕಿಯೇ ಇಡೀ ಆಟ ಕಲಿತರು. ಒಮ್ಮೆ ಕಕ್ಕ ತಪ್ಪು ಕಾಯಿ ನಡೆಸಿದಾಗ ತಡೆಯಲಾರದೆ "ಅದಲ್ಲೋ ಕಾಕಾ, ಇನ್ನೊಂದು!" ಎಂದು ಒದರಿ, ಏಟು ತಿಂದರಂತೆ. ಸ್ವಂತ ಸಂಸಾರವಾದ ಮೇಲೆ ಕೈಗೆ ಸಿಕ್ಕ ಆಟವನ್ನೆಲ್ಲ ತಂದರು. ಹಳಿಯಾಳ ಸಂತೆಗೆ ಹೋದರೆ ಒಂದು, ಹುಬ್ಬಳ್ಳಿಗೆ ಹೋದರೆ ಎರಡು. ಮಂಚದ ಕೆಳಗಿನ ಟ್ರಂಕು ತುಂಬಿತ್ತು. ಅವರ ಯಜಮಾನರು ಮೆತ್ತಗಿನ ಮನುಷ್ಯ. "ನಮ್ಮನ್ಯಾಗ ಉಪ್ಪು ತೀರಬಹುದ್ರಿ, ಲೂಡೊ ತೀರಂಗಿಲ್ಲ" ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ನಾನು ಬಂದ ಮೊದಲ ಮಳೆಗಾಲದಲ್ಲಿ ಆ ಟ್ರಂಕಿಗೆ ತುಕ್ಕು ತಿಂದ ತಳದಿಂದ ಗೆದ್ದಲು ಹತ್ತಿತು. ಒಂದು ಮಧ್ಯಾಹ್ನ ಕೂಗು ಕೇಳಿ ಓಡಿದೆ. ನೆಲದ ತುಂಬ ಡಬ್ಬಿಗಳು ಹರಡಿದ್ದವು. ಅರ್ಧಕ್ಕರ್ಧ ಡಬ್ಬಿಗಳ ಮೇಲಿನ ಹೊಳೆಯುವ ಕಾಗದವನ್ನೇ ಬಿಚ್ಚಿರಲಿಲ್ಲ. ಅಂಥದೊಂದನ್ನು ವೈನಿ ಎತ್ತಿದರೆ ಒಳಗಿನ ರಟ್ಟು ಮಣ್ಣಾಗಿ ಉದುರಿತು. ಅವರು ಅತ್ತರು. ಆಟದ ಡಬ್ಬಿಗಾಗಿ ದೊಡ್ಡ ಹೆಂಗಸೊಬ್ಬಳು ಅಳುವುದನ್ನು ನಾನು ನೋಡಿರಲಿಲ್ಲ.

"ಇವನ್ನ ಒಂದ ದಿವಸಾನೂ ಆಡಲಿಲ್ಲ ಕಸ್ತೂರಿ. ಆಡ್ಬೇಕಂತ ತಂದೆ, ತಂದು ತಂದು ಒಟ್ಟಿದೆ. ನಮ್ಮ ಕಾಕಾಗೋಳು ನಮ್ಮನ್ನ ಬಾಗಲಾಚೆ ನಿಲ್ಲಸಿದ್ರು, ನಾ ಇವನ್ನ ಟ್ರಂಕಿನ್ಯಾಗ ನಿಲ್ಲಸಿದೆ."

ಮೂಗು ಒರೆಸಿಕೊಂಡು ಅಲ್ಲೇ ತೀರ್ಮಾನಿಸಿದರು: "ಇದ್ದದ್ದನ್ನೆಲ್ಲಾ ಆಡಿ ಸವಸೂತನಕ ಹೊಸಾದು ಬರಂಗಿಲ್ಲ. ಡಬ್ಬಿ ಸಾಕು. ಮಂದಿ ಬೇಕು."

ಮಂದಿಯನ್ನು ಅವರು ಸಂತೆಯಲ್ಲಿ ಕಾಯಿಪಲ್ಲೆ ಆರಿಸಿದಷ್ಟೇ ಉಮೇದಿನಿಂದ ಒಟ್ಟುಮಾಡಿದರು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ನಳದ ನೀರು ಬರುವವರೆಗೆ ಅವರ ವರಾಂಡಾ ನಮ್ಮದು. ಹಿಂದಿನ ಸಾಲಿನ ಹೊಸ ಸೊಸೆಯಂದಿರು ಬಂದರು. ಎದುರಿನ ಮಾಲತಿಬಾಯಿಯವರೂ ಬಂದರು. ಅವರ ಗಂಡ ಗಿರಣಿಯಲ್ಲಿ ಮೇಲ್ವಿಚಾರಕ, ಆದ್ದರಿಂದ ನಮ್ಮ ಸಾಲಿನಲ್ಲಿ ಅವರ ಮಾತಿಗೆ ತೂಕವಿತ್ತು. ಸೋತವರು ಮರುದಿನ ಚುರುಮುರಿ ತರಬೇಕೆಂಬುದು ವೈನಿಯ ಕಾನೂನು. ಎಷ್ಟೋ ಸಲ ತಾವೇ ಬೇಕೆಂದು ಸೋಲುತ್ತಿದ್ದರೆಂದು ನನಗೆ ಗುಮಾನಿ.

ಒಂದು ದಿನ ಲೂಡೊಗೆ ನಾಲ್ಕನೆಯವರಿರಲಿಲ್ಲ. ಕ್ವಾರ್ಟರ್ಸಿನ ಗಟಾರ ತೆಗೆಯುವ ಕೂಲಿಗೆ ಬಂದಿದ್ದ ರೋಜಿ ಎಂಬ, ಹಿಂದೆಂದೋ ಆಫ್ರಿಕಾದಿಂದ ಬಂದು ನೆಲೆಸಿದ ಸಿದ್ದಿ ಜನರ ಹೆಂಗಸು ಬುತ್ತಿ ಉಂಡು, ಗೇಟಿನ ಬಳಿ ನಿಂತು ನಮ್ಮ ಆಟವನ್ನೇ ನೋಡುತ್ತಿದ್ದಳು. ಹಳಿಯಾಳದ ಕಡೆಯ ಊರು, ಗಂಡ ಬಿದಿರಿನ ಲಾರಿಗೆ ಹಮಾಲ. ವೈನಿ ಕರೆದರು: "ಅಲ್ಲೆ ನಿಂತ ಏನ ನೋಡ್ತಿ? ಹಸರು ಕಾಯಿ ಖಾಲಿ ಅದಾವು. ಕುಂದ್ರ ಬಾ."

ರೋಜಿ ಅನುಮಾನಿಸುತ್ತ ಮೆಟ್ಟಿಲ ಮೇಲೆ ಕುಳಿತಳು. "ಮೆಟ್ಲ ಮ್ಯಾಲ ಕುಂತ್ರ ಕೈ ನಿಲಕಂಗಿಲ್ಲ, ಚಾಪಿ ಮ್ಯಾಲ ಬಾ" ಎಂದರು ವೈನಿ. ಬಂದಳು. ಸ್ವಲ್ಪ ಹೊತ್ತಿಗೆ ಮಾಲತಿಬಾಯಿ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು.

"ಚಂಪಾವೈನಿ, ಕೂಲಿ ಮಂದಿ ಜೋಡಿ ಒಂದ ಚಾಪಿ ಮ್ಯಾಲ ಕುಂದ್ರೂದು ನಮಗ ಸರಿ ಕಾಣಂಗಿಲ್ರಿ."

ರೋಜಿ ಏಳಲು ಹೋದಳು. ವೈನಿ ಅವಳ ಮೊಣಕಾಲಿನ ಮೇಲೆ ಕೈಯಿಟ್ಟರು. ದನಿ ಏರಿಸಲಿಲ್ಲ.

"ಆಕಿ ಕಾಯಿ ಇನ್ನೂ ಮನಿ ಮುಟ್ಟಿಲ್ರಿ ಬಾಯಾರ. ಆಟದ ನಡುವ ನಾ ಯಾರನ್ನೂ ಎಬ್ಬಸಂಗಿಲ್ಲ. ನಿಮಗ ಕುಂದ್ರೂ ಮನಸಿದ್ರ ಜಾಗಾ ಐತಿ."

ಮಾಲತಿಬಾಯಿ ಹೋದರು. ಮರುದಿನದಿಂದ ಒಬ್ಬೊಬ್ಬರೇ ಕಡಿಮೆಯಾದರು. ಮಾಲತಿಬಾಯಿಯವರ ಅಣ್ಣ ಮುಂಬೈಯಿಂದ ದೊಡ್ಡದೊಂದು ವ್ಯಾಪಾರದ ಆಟ ತಂದುಕೊಟ್ಟಿದ್ದ. ಕಾಗದದ ನೋಟು, ಪುಟಾಣಿ ಮನೆಗಳು, ಎಲ್ಲ ಇತ್ತು. ಸಾಲಿಗೆ ಸಾಲೇ ಅಲ್ಲಿಗೆ ಹೋಯಿತು. ಅವರ ನಗು ರಸ್ತೆ ದಾಟಿ ನಮ್ಮ ವರಾಂಡಾಕ್ಕೆ ಕೇಳುತ್ತಿತ್ತು. ಇತ್ತ ನಾವು ಮೂವರೇ: ವೈನಿ, ನಾನು, ಊಟದ ಬಿಡುವಿನಲ್ಲಿ ರೋಜಿ. "ನಾ ಬರೂದ ಬಿಡ್ತೇನ್ರಿ ವೈನಿ, ನಿಮ್ಮ ಮಂದಿ ತಿರಗಿ ಬರ್ತಾರ" ಎಂದು ರೋಜಿ ಒಮ್ಮೆ ಹೇಳಿದಳು. "ನೀ ಯಾರ ಮಂದಿ ಹಂಗಾರ?" ಎಂದು ವೈನಿ ಗದರಿ, ದಾಳ ಅವಳ ಕೈಗಿಟ್ಟರು.

ಆ ದಿನಗಳಲ್ಲೇ ಅವರ ನಾದಿನಿಯ ಮದುವೆಗೆ ಸೀರೆ ತರಲು ನಾನೂ ಅವರೂ ಹುಬ್ಬಳ್ಳಿಗೆ ಹೋದೆವು. ಸೀರೆಯಂಗಡಿಯ ಪಕ್ಕದಲ್ಲೇ ಅವರ ವೈರಿ, ಆಟದ ಸಾಮಾನಿನ ಅಂಗಡಿ, ಕಾದಿತ್ತು. ಹೊಸ ಆಟವೊಂದು ಬಂದಿತ್ತು, ಮಂಜಿನ ಗುಡ್ಡ ಹತ್ತುವುದು. ಅಂಗಡಿಯವನು ರಟ್ಟು ಬಿಚ್ಚಿ ಹರಡಿದರೆ ಆಹಾ, ನೀಲಿ ಬಿಳಿ ಶಿಖರ, ಹಗ್ಗದ ಸೇತುವೆ, ಸಣ್ಣ ಸಣ್ಣ ಡೇರೆಗಳು! ವೈನಿಯ ಕೈ ಬೆನ್ನ ಹಿಂದೆಯೇ ಇತ್ತು. ಬೆರಳುಗಳು ಮಾತ್ರ ಒಂದನ್ನೊಂದು ಹಿಂಡುತ್ತಿದ್ದವು.

"ಕೈಯಾಗ ಹಿಡದ ನೋಡ್ರಿ ಬಾಯಾರ" ಎಂದ ಅಂಗಡಿಯವನು.

"ಹಿಡದ್ರ ಬಿಡಾಕ ಆಗಂಗಿಲ್ರಿ. ನೀವ ಹಿಡಕೊಂಡು ಹೆಂಗ ಆಡೂದು ಹೇಳ್ರಿ."

ಅವನು ಪಾಪ, ಎಲ್ಲ ಹೇಳಿದ. ನನಗೇ ತಡೆಯಲಾಗಲಿಲ್ಲ. "ತಗೋರಿ ವೈನಿ. ಇದನ್ನ ನೋಡಿದ್ರ ಎಲ್ಲಾರೂ ನಮ್ಮ ವರಾಂಡಾಕ್ಕ ಓಡಿ ಬರ್ತಾರ" ಎಂದೆ.

ಅವರು ನನ್ನ ಕಡೆ ತಿರುಗದೆ ಹೇಳಿದರು: "ಬರ್ತಾರ. ಡಬ್ಬಿ ಸಂಬಂಧ ಬರ್ತಾರ. ಬಂದು ರೋಜಿನ್ನ ಎಬ್ಬಸು ಅಂತಾರ. ಆವಾಗ ನಾ ಡಬ್ಬಿ ನೋಡ್ಲೋ, ಆಕಿನ್ನ ನೋಡ್ಲೋ?"

ಅಂಗಡಿಯವನಿಗೆ ಕೈಮುಗಿದು ಹೊರಬಿದ್ದರು. ಬಸ್ಸು ಧಾರವಾಡ ದಾಟಿತು. ಆಮೇಲೆ ಸಣ್ಣ ಹುಡುಗಿಯ ದನಿಯಲ್ಲಿ, "ಭಾಳ ಛಲೋ ಇತ್ತಲ್ಲ ಆ ಗುಡ್ಡ?" ಎಂದರು. ನಾನು ಹೌದೆಂದೆ. ಆ ಹೊತ್ತಿನಲ್ಲಿ ಈ ಹೆಂಗಸಿನ ಪಕ್ಕದಲ್ಲಿ ಕುಳಿತಿದ್ದೇನೆಂಬುದೇ ನನಗೆ ದೊಡ್ಡ ಮರ್ಯಾದೆಯೆನಿಸಿತು.

ಮರುದಿನ ರೋಜಿಗೆ ಆ ಗುಡ್ಡದ ಕತೆ ಹೇಳಿದೆವು. ಅವಳು ಎದ್ದುಹೋಗಿ ಬಚ್ಚಲೊಲೆಯಿಂದ ಇದ್ದಲಿ ತಂದು ವರಾಂಡಾದ ನೆಲದ ಮೇಲೆ ಗೆರೆ ಎಳೆಯತೊಡಗಿದಳು. "ನಮ್ಮ ಊರಾಗ ಹುಲಿ-ಕುರಿ ಆಡ್ತೇವ್ರಿ. ಇದಕ ಅಂಗಡಿ ಬೇಕಾಗಿಲ್ಲ." ಹುಲಿಗಳಿಗೆ ಕಲ್ಲು, ಕುರಿಗಳಿಗೆ ಹುಣಸೆಬೀಜ. ಹುಲಿ ಹಾರಿ ಕುರಿ ತಿನ್ನಬೇಕು. ಕುರಿಗಳು ಒತ್ತಾಗಿ ನಿಂತು ಹುಲಿಯನ್ನು ಕಟ್ಟಿಹಾಕಬೇಕು. ವೈನಿಯ ಮುಖ ಅರಳಿದ್ದನ್ನು ಏನೆಂದು ಹೇಳಲಿ! "ನೋಡ ಕಸ್ತೂರಿ, ತರಲಿಲ್ಲಂದ್ರೂ ಹೊಸಾ ಆಟ ಬಂತು!"

ಅತ್ತ ಮುಂಬೈ ಆಟದ ಕಾಗದದ ನೋಟಿಗಾಗಿ ನಿಜವಾದ ಜಗಳ ಬಿದ್ದು, ಇಬ್ಬರು ಸೊಸೆಯಂದಿರು ಮಾತು ಬಿಟ್ಟಿದ್ದರು. ಮಳೆ ಕಡಿಮೆಯಾಗುವ ಹೊತ್ತಿಗೆ ಒಬ್ಬೊಬ್ಬರೇ ನಮ್ಮ ಗೇಟು ತೆಗೆದರು. ವೈನಿ ಯಾರನ್ನೂ ಏನೂ ಕೇಳಲಿಲ್ಲ. ಚಾಪೆಯ ಮೇಲೆ ಖಾಲಿ ಇದ್ದ ಜಾಗವನ್ನು ತೋರಿಸುತ್ತಿದ್ದರು. ಅದು ರೋಜಿಯ ಪಕ್ಕದಲ್ಲೇ ಇರುತ್ತಿತ್ತು.

ಕೊನೆಗೆ ಉಳಿದವರು ಮಾಲತಿಬಾಯಿ. ಒಂದು ದಿನ ಯಾರನ್ನೋ ಕರೆಯುವ ನೆವದಲ್ಲಿ ಗೇಟಿನ ಬಳಿ ನಿಂತರು. ರೋಜಿ ಹುಲಿ, ನಾನು ಕುರಿ, ಮತ್ತು ನಾನು ಸೋಲುತ್ತಿದ್ದೆ. ಅವರು ನೋಡಿದರು, ಇನ್ನಷ್ಟು ನೋಡಿದರು.

"ಅಯ್ಯ ಕಸ್ತೂರಿ, ಆ ಕುರಿ ಮುಂದ ದೂಡಬ್ಯಾಡಾ, ತಿಂತಾಳಾಕಿ!"

ಎಲ್ಲರೂ ತಿರುಗಿ ನೋಡಿದೆವು. ಅವರ ಮುಖ ಕೆಂಪಾಯಿತು. ಮಾತಾಡಿದವಳು ರೋಜಿ. ಸ್ವಲ್ಪ ಸರಿದು ಜಾಗ ಮಾಡಿ, "ಬರ್ರಿ ಬಾಯಾರ, ಇವರ ಕೈಲೆ ಆಗವಲ್ದು. ಕುರಿ ನೀವ ಹಿಡೀರಿ" ಎಂದಳು. ಮಾಲತಿಬಾಯಿ ಚಪ್ಪಲಿ ಬಿಟ್ಟು ಬಂದು ಕುಳಿತರು. ಸೋತರು. ಮರುದಿನ ಚುರುಮುರಿ ತಂದರು, ಮೊದಲ ಹಿಡಿ ರೋಜಿಯ ಕೈಗೆ ಹಾಕಿದರು.

ಮುಂದೆ ಟ್ರಂಕಿನ ಆಟಗಳೆಲ್ಲ ಒಂದೊಂದಾಗಿ ಮೂಲೆ ಹರಿದು, ಬಣ್ಣ ಹೋಗಿ, ಅಂಟು ಹಚ್ಚಿಸಿಕೊಂಡವು. ಒಂದು ದಿನ ಅವರ ಯಜಮಾನರೇ, "ಚಂಪಾ, ನಿನ್ನ ಮಾತು ಮುಗೀತಲ್ಲ, ಈಗ ಒಂದ ಹೊಸಾದು ತಗೋ" ಎಂದು ಹಳಿಯಾಳಕ್ಕೆ ಕರೆದುಕೊಂಡು ಹೋದರು. ಅಂಗಡಿಯನ್ನೆಲ್ಲ ನೋಡಿ ವೈನಿ ಬದನೆಕಾಯಿ ತೆಗೆದುಕೊಂಡು ಬಂದರು. ಆಸೆ ಹೋಯಿತೇ ಎಂದು ಕೇಳಿದೆ. "ಎಲ್ಲಿ ಹೋಗ್ತೈತಿ? ಮೈಯಾಗ ಐತಿ. ಆದ್ರ ಡಬ್ಬಿ ಬಂತಂದ್ರ ನಾ ನಿಮ್ಮ ಮಾರಿ ನೋಡೂದ ಬಿಟ್ಟು ಅದರ ಮಾರಿ ನೋಡ್ಕೋತ ಕುಂದರ್ತೇನಿ. ನನ್ನ ಗುಣ ನನಗ ಗೊತ್ತಿಲ್ಲೇನು?"

ನಾನು ಅವರನ್ನು ಕೊನೆಯ ಸಲ ನೋಡಿದ್ದು ರೋಜಿಯ ಮಗಳ ಮದುವೆಯಲ್ಲಿ. ಎಂಬತ್ತರ ದಶಕ ಅರ್ಧ ಕಳೆದಿತ್ತು. ಯಜಮಾನರು ನಿವೃತ್ತರಾಗಿ ಬೆಳಗಾವಿಯ ಕಡೆ ಹೋಗಿ ನೆಲೆಸಿದ್ದರೂ ವೈನಿ ಮೂರು ಬಸ್ಸು ಬದಲಿಸಿ ಬಂದಿದ್ದರು. ಚಪ್ಪರದ ಮುಂದೆ ಡಮಾಮಿ ಎಂಬ ದೊಡ್ಡ ಚರ್ಮವಾದ್ಯ ಬಾರಿಸುತ್ತ ಹೆಂಗಸರು ಕುಣಿಯುತ್ತಿದ್ದರು. ವೈನಿ ಸೆರಗು ಸಿಕ್ಕಿಸಿಕೊಂಡು ನಡುವೆ ಇಳಿದೇಬಿಟ್ಟರು. ತಾಳ ತಪ್ಪಿದರೂ ನಿಲ್ಲಲಿಲ್ಲ.

ಮರುವರ್ಷ ವೈನಿ ತೀರಿಕೊಂಡ ಸುದ್ದಿ ಬರುವಷ್ಟರಲ್ಲಿ ಅವರ ಮಣ್ಣು ಮುಗಿದುಹೋಗಿತ್ತು. ಮಾಲತಿಬಾಯಿ, ರೋಜಿ, ನಾನು ಮೂವರೂ ಒಂದೇ ಸೀಟಿನಲ್ಲಿ ಒತ್ತಾಗಿ ಕುಳಿತು ಬೆಳಗಾವಿಗೆ ಹೋದೆವು. ಬಾಗಿಲಲ್ಲಿ, ನಮ್ಮನ್ನೆಂದೂ ನೋಡಿರದ ಅವರ ನಾದಿನಿ ನಿಂತಿದ್ದರು. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ, ರೋಜಿಯ ಮುಖದ ಮೇಲೆ ಕಣ್ಣು ನಿಲ್ಲಿಸಿ, "ನೀವು ಯಾರ್ರಿ? ಅವರಿಗೇನ ಆಗ್ಬೇಕು?" ಎಂದರು.

ಮಾಲತಿಬಾಯಿ ಸೆರಗು ಸರಿಮಾಡಿಕೊಂಡರು.

"ನಾವು ಚಂಪಾವೈನಿ ಜೋಡಿ ಆಡಿದವರ್ರಿ" ಎಂದರು. ಆಮೇಲೆ ರೋಜಿಯ ಬೆನ್ನ ಮೇಲೆ ಕೈಯಿಟ್ಟು, "ಮೊದಲ ಈಕಿ ಒಳಗ ಹೋಗ್ಲಿ" ಎಂದರು.