ಮಾರಿವಿಕ್ ಮತ್ತು ಹನ್ನೊಂದು ತಿಮಿಂಗಿಲಗಳು

ಮಾರಿವಿಕ್ ನಮ್ಮ ಮನೆಗೆ ಬಂದದ್ದು ಯುದ್ಧ ಮುಗಿದ ಆರನೆಯ ವರ್ಷ, ಬಿಸಿಗಾಳಿ ಮರಳನ್ನು ಹೊತ್ತು ತಂದು ಅನ್ನದ ತಟ್ಟೆಗೂ ಸುರಿಯುವ ತಿಂಗಳಲ್ಲಿ. ಫಾದರ್ ಸಂತಿಯಾಗು ಅವಳನ್ನು ಬಾಗಿಲಲ್ಲಿ ನಿಲ್ಲಿಸಿ, "ಎಮೆರೆನ್ಸಿಯಮ್ಮ, ಈ ಹುಡುಗಿ ಫಿಲಿಪೀನ್ಸ್‌ನವಳು. ನಮ್ಮೂರ ಹುಡುಗ ಹುಡುಗೀರ ಜೊತೆ ಕೆಲಸ ಮಾಡೋಕೆ ಬಂದಿದ್ದಾಳೆ. ಎರಡು ವರ್ಷ ನಿಮ್ಮ ಮನೇಲಿರಲಿ," ಅಂದರು.

"ಸಿಸ್ಟರಾ ಫಾದರ್?"

"ಅಲ್ಲಮ್ಮ."

"ಟೀಚರಾ?"

"ಅದೂ ಅಲ್ಲ."

"ಮತ್ತೇನು ಕೆಲಸ?"

"ಅದನ್ನ ಅವಳೇ ಹುಡುಕ್ಕೋಬೇಕು," ಎಂದು ಫಾದರ್ ಮೋಟಾರ್ ಸೈಕಲ್ ಹತ್ತಿ ಹೊರಟೇಬಿಟ್ಟರು.

ಇಪ್ಪತ್ತಾರು ವರ್ಷದ ಕುಳ್ಳಗಿನ ಹೆಣ್ಣು. ಬೆನ್ನಿಗೊಂದು ಚೀಲ, ಕೈಯಲ್ಲೊಂದು ಗಿಟಾರು. ಒಳಗೆ ಕಾಲಿಡುವ ಮೊದಲು ಬಗ್ಗಿ ನನ್ನ ಬಲಗೈ ಹಿಡಿದು ತನ್ನ ಹಣೆಗೆ ಒತ್ತಿಕೊಂಡಳು. ಅದು ಅವರ ಕಡೆ ಹಿರಿಯರಿಗೆ ಮಾಡುವ ನಮಸ್ಕಾರವಂತೆ. ನನ್ನ ಗಂಡ ಸಮುದ್ರಕ್ಕೆ ಹೋದವನು ಹಿಂತಿರುಗದೆ ಆಗ ಹದಿನೇಳು ವರ್ಷ. ಮದುವೆ, ನಾಮಕರಣಗಳಲ್ಲಿ ಹಿಂದಿನ ಸಾಲು ನೋಡಿಕೊಂಡು ನಿಲ್ಲುವುದು ನನಗೆ ರೂಢಿಯಾಗಿತ್ತು. ಆಶೀರ್ವಾದಕ್ಕೆಂದು ಯಾರೂ ನನ್ನ ಕೈ ಕೇಳಿರಲಿಲ್ಲ. ಆ ದಿನ ಚಹಾಕ್ಕೆ ಎಷ್ಟು ಸಕ್ಕರೆ ಹಾಕಿದೆನೋ ನನಗೇ ಗೊತ್ತಿಲ್ಲ.

ಕಳ್ಳಿತುರೈ, ಕೊಲಂಬೋದಿಂದ ದೂರದ ಮನ್ನಾರ್ ದ್ವೀಪದ ತುದಿಯಲ್ಲಿರುವ ಊರು. ಇಗರ್ಜಿ, ತಾಳೆ ಮರಗಳು, ಕತ್ತೆಗಳು, ದಡದ ತುಂಬ ಬಲೆ. ಆ ವರ್ಷಗಳಲ್ಲಿ ಗಂಡು ಹುಡುಗರು ಬಲೆಯ ಶೆಡ್ಡಿನ ಹಿಂದೆ ಕೂತು ಮತ್ತಿನ ಪುಡಿ ಸೇದುತ್ತಿದ್ದರು. ಹೆಣ್ಣು ಹುಡುಗಿಯರು ಬೆಳಿಗ್ಗೆಯಿಂದ ಸಂಜೆಯವರೆಗೆ ಏಡಿ ಬಿಡಿಸುವ ಶೆಡ್ಡಿನಲ್ಲಿ ಬೆರಳು ಕೊಯ್ದುಕೊಳ್ಳುತ್ತಿದ್ದರು. ಅರ್ಧಕ್ಕರ್ಧ ಮಕ್ಕಳಿಗೆ ಅಪ್ಪನೋ ಅಮ್ಮನೋ ಇರಲಿಲ್ಲ. ಮಾರಿವಿಕ್ ಶನಿವಾರ ಸಂಜೆ ಇಗರ್ಜಿಯ ಹಾಲ್‌ನಲ್ಲಿ ಕುರ್ಚಿಗಳನ್ನು ದುಂಡಗೆ ಜೋಡಿಸಿ, ಗಿಟಾರು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದಳು. ಮೊದಲ ಶನಿವಾರ ಏಳು ಜನ ಬಂದರು, ಆಮೇಲೆ ನಾಲ್ಕು, ಆಮೇಲೆ ನಾನೊಬ್ಬಳು. ನಾನೂ ಹೋಗುತ್ತಿದ್ದದ್ದು ಅವಳ ಬಾಡಿದ ಮುಖ ನೋಡಲಾಗದೆ.

ಭಾಷೆಯೂ ಅವಳನ್ನು ಸತಾಯಿಸಿತು. ಒಂದು ಮದುವೆ ಊಟದಲ್ಲಿ, ಬಡಿಸುತ್ತಿದ್ದ ಸ್ಟಾನಿಸನಿಗೆ, "ಅಣ್ಣ, ನಂಗೊಂದು ಇಲಿ ಹಾಕಿ," ಅಂದಳು. ಎಲೆ ಎನ್ನಬೇಕಿತ್ತು.

ಸ್ಟಾನಿಸ್ ತಟ್ಟನೆ, "ಹುರಿದಿದ್ದು ಬೇಕಾ, ಸಾರಿಂದು ಬೇಕಾ?" ಎಂದ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅಂದಿನಿಂದ ಅವಳ ಹೆಸರು ಇಲಿಯಕ್ಕ.

ಈ ಸ್ಟಾನಿಸ್ ಸಮುದ್ರದ ತಳಕ್ಕೆ ಮುಳುಗಿ ಕಡಲಸೌತೆ ಎಂಬ ಜೀವಿ ಹಿಡಿಯುವವನು, ಇಪ್ಪತ್ತೆರಡು ವರ್ಷ. ಯುದ್ಧದ ಕೊನೆಯ ತಿಂಗಳಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಒಂದೇ ಬೆಳಿಗ್ಗೆ ಕಳೆದುಕೊಂಡಿದ್ದ. ಅವನ ಉಸಿರು ಊರಿಗೆಲ್ಲ ಹೆಸರಾಗಿತ್ತು. ನೀರಿನಡಿ ಅಷ್ಟು ಹೊತ್ತು ಇರಬಲ್ಲವನು ಇನ್ನೊಬ್ಬನಿರಲಿಲ್ಲ. ಆ ಉಸಿರನ್ನೇ ಪುಡಿಗೆ ಕೊಡುತ್ತಿದ್ದ. ಬಲೆಯ ಶೆಡ್ಡಿನ ಹುಡುಗರಿಗೆ ಅವನು ಹೇಳಿದ್ದೇ ಮಾತು.

ಎಂಟು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಮಾರಿವಿಕ್ ಹಿತ್ತಿಲಲ್ಲಿ ಮೀನು ಹೆಚ್ಚುತ್ತಾ, "ಅಮ್ಮ, ನಾನು ವಾಪಸ್ ಹೋಗ್ತೀನಿ. ಇಲ್ಲಿ ನನ್ನಿಂದ ಯಾರಿಗೂ ಏನೂ ಆಗ್ಲಿಲ್ಲ," ಅಂದಳು.

"ನನಗೆ ಆಯ್ತಲ್ಲ," ಅಂದೆ. ಹೊರಡುತ್ತೇನೆಂದು ಅವಳು ಫಾದರ್‌ಗೆ ಬರೆದ ಕಾಗದ ಎರಡು ದಿನ ಮೇಜಿನ ಮೇಲೆ ಹಾಗೇ ಇತ್ತು.

ಮೂರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ದಡದಿಂದ ಕೂಗು ಕೇಳಿತು. ನಾವಿಬ್ಬರೂ ಓಡಿದೆವು.

ನನ್ನ ಆಯುಷ್ಯವೆಲ್ಲ ಸಮುದ್ರದ ಪಕ್ಕದಲ್ಲೇ ಕಳೆದಿದೆ. ಅಂಥದ್ದನ್ನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಮೊಣಕಾಲುದ್ದದ ನೀರಿನಲ್ಲಿ ಹನ್ನೊಂದು ತಿಮಿಂಗಿಲಗಳು ಮಲಗಿದ್ದವು. ಗುಂಡು ತಲೆ, ಮಿರಮಿರನೆ ಕಪ್ಪು ಮೈ, ಒಂದು ಮರಿ ಬಿಟ್ಟರೆ ಒಂದೊಂದೂ ದೋಣಿಯಷ್ಟು ಉದ್ದ. ಎಲ್ಲಕ್ಕಿಂತ ದೊಡ್ಡದು ದೂರದ ಮರಳು ದಿಬ್ಬದ ಮೇಲೆ ಸಿಕ್ಕಿಕೊಂಡಿತ್ತು. ನೀರು ಇನ್ನೂ ಇಳಿಯುತ್ತಲೇ ಇತ್ತು. ಅವು ಉಸಿರು ಬಿಟ್ಟಾಗ ನೆತ್ತಿಯಿಂದ ಹನಿಗಳು ಚಿಮ್ಮಿ, ಬೆಚ್ಚನೆಯ ಮೀನಿನ ವಾಸನೆ ನಮ್ಮ ಮುಖಕ್ಕೆ ಬಡಿಯುತ್ತಿತ್ತು. ದಡದಲ್ಲಿ ನೂರು ಜನ ನಿಂತು ನೋಡುತ್ತಿದ್ದರು. ಒಬ್ಬ ಮುದುಕ ಕತ್ತಿ ಹಿಡಿದುಕೊಂಡು, "ಸಾಯೋದು ಸಾಯ್ತವೆ, ಒಂದನ್ನ ಕೊಯ್ಯೋಣ," ಅಂದ.

ಮಾರಿವಿಕ್ ಬಟ್ಟೆ ಸಮೇತ ನೀರಿಗೆ ಇಳಿದಳು. ನೆಟ್ಟಗೆ ಹತ್ತಿರದ ತಿಮಿಂಗಿಲದ ಬಳಿ ಹೋಗಿ, ಅದರ ಕಣ್ಣಿನ ಪಕ್ಕ ಮಂಡಿಯೂರಿದಳು.

ಸ್ಟಾನಿಸ್ ದಡದಿಂದಲೇ ಕೂಗಿದ: "ಇಲಿಯಕ್ಕ, ಇದನ್ನೂ ಕೂರಿಸಿ ಜಪಮಾಲೆ ಹೇಳಿಕೊಡ್ತೀರಾ?"

ಅವಳು ತಿರುಗಿದಳು. ಎಂಟು ತಿಂಗಳಲ್ಲಿ ದನಿಯೆತ್ತದವಳು ಅಂದು ಎತ್ತಿದಳು. "ಸೀರೆ ತನ್ನಿ. ಲುಂಗಿ, ಹೊದಿಕೆ, ಏನಿದ್ರೂ ತನ್ನಿ. ಮೈ ಒಣಗಬಾರದು. ನೆತ್ತಿಯ ತೂತಿಗೆ ನೀರು ಹೋಗಬಾರದು. ನೀರು ಏರೋದು ಮಧ್ಯಾಹ್ನ. ಅಲ್ಲೀತನಕ ಇವನ್ನ ಉಳಿಸಿಕೊಂಡ್ರೆ ಬದುಕ್ತವೆ. ನಮ್ಮೂರಿಗೂ ಬಂದಿದ್ವು. ನಮ್ಮಪ್ಪ ಕಳಿಸಿಕೊಟ್ಟಿದ್ದು ನಾನು ನೋಡಿದೀನಿ." ತಪ್ಪಿಲ್ಲದೆ ಅಷ್ಟು ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು.

ಏಡಿ ಶೆಡ್ಡಿಗೆ ಹೊರಟಿದ್ದ ಹುಡುಗಿಯರು ಮೊದಲು ಇಳಿದರು. ಸಮುದ್ರದ ಊರಲ್ಲಿ ಹುಟ್ಟಿದರೂ ನಮ್ಮ ಹೆಣ್ಣುಮಕ್ಕಳು ಪಾದ ನೆನೆಯುವುದಕ್ಕಿಂತ ಆಳಕ್ಕೆ ಹೋದವರಲ್ಲ. ಮನೆ ಮನೆಯಿಂದ ಸೀರೆಗಳು ಬಂದವು. ನನ್ನ ಮದುವೆ ಸೀರೆಯನ್ನು ನಾನೂ ತಂದೆ. ಅದನ್ನು ನೀರಿನಲ್ಲಿ ಅದ್ದಿ ಆ ಕಪ್ಪು ಬೆನ್ನಿನ ಮೇಲೆ ಹರವಿದೆ.

ಬಿಸಿಲೇರಿತು. ಹುಡುಗರು ಒಬ್ಬೊಬ್ಬರಾಗಿ ಇಳಿದರು. ಕತ್ತಿಯ ಮುದುಕ ಯಾವಾಗ ಕತ್ತಿ ಬಿಟ್ಟು ಕೊಡ ಹಿಡಿದನೋ ನಾನು ನೋಡಲಿಲ್ಲ. ಸ್ಟಾನಿಸ್ ಎಲ್ಲರಿಗಿಂತ ಕೊನೆಗೆ ಬಂದು, ಮಾರಿವಿಕ್ ಇದ್ದ ತಿಮಿಂಗಿಲದ ಇನ್ನೊಂದು ಪಕ್ಕಕ್ಕೆ ನಿಂತ. ಅವರಿಬ್ಬರ ಮಾತು ನನಗೆ ಕೇಳಿಸುತ್ತಿತ್ತು.

"ನಿಮ್ಮೂರು ಬಿಟ್ಟು ಯಾಕೆ ಬಂದ್ರಿ ಅಕ್ಕ?"

"ನಮ್ಮೂರಿಗೆ ಸಮುದ್ರ ನುಗ್ಗಿ ಬಂತು, ಚಂಡಮಾರುತದಲ್ಲಿ. ತಮ್ಮ ನನ್ನ ಕೈ ಹಿಡ್ಕೊಂಡಿದ್ದ. ಕೈ ಜಾರಿತು."

ಸ್ಟಾನಿಸ್ ಒಂದು ಕೊಡ ನೀರು ಹಾಕಿದ. ಇನ್ನೊಂದು ಹಾಕಿದ. "ಎಷ್ಟು ವರ್ಷ ಅವನಿಗೆ?"

"ಹದಿನಾಲ್ಕು."

ಸ್ಟಾನಿಸ್ ಮತ್ತೆ ಕೊಡ ತುಂಬಿದ. ಆಮೇಲೆ ಅವನ ಬಾಯಲ್ಲಿ ಇಲಿಯಕ್ಕ ಎಂಬ ಹೆಸರು ನಾನು ಕೇಳಿಲ್ಲ.

ಕ್ಲೊತಿಲ್ಡಾ ಎಂಬ ಹುಡುಗಿ ತಿಮಿಂಗಿಲದ ಮೈಗೆ ಕಿವಿ ಇಟ್ಟವಳು ಸರಕ್ಕನೆ ತಲೆಯೆತ್ತಿ, "ಅಮ್ಮ, ಇಲ್ಲಿ ಬನ್ನಿ. ಇದು ಸಿಳ್ಳೆ ಹಾಕ್ತಿದೆ," ಅಂದಳು. ನಾನೂ ಕಿವಿ ಇಟ್ಟೆ. ಆ ಮೈ ಒದ್ದೆ ರಬ್ಬರಿನ ಹಾಗೆ ನುಣುಪಾಗಿತ್ತು. ಒಳಗಿಂದ ಸಣ್ಣಗೆ, ಮೇಲಕ್ಕೇರುವ ಒಂದು ದನಿ. ಅದು ನಿಲ್ಲುತ್ತಲೇ ಆಚೆಯ ತಿಮಿಂಗಿಲದಿಂದ ಇನ್ನೊಂದು. ಅವು ಒಂದನ್ನೊಂದು ಕೂಗಿ ಕರೆಯುತ್ತಿದ್ದವು. ನಾವು ಅಷ್ಟು ಹೊತ್ತು ಅವುಗಳ ಮಾತಿನ ನಡುವೆ ನಿಂತಿದ್ದೆವು, ನಮಗೆ ಗೊತ್ತೇ ಇರಲಿಲ್ಲ. ನಾನು ಶಿಲುಬೆಯ ಗುರುತು ಮಾಡಿಕೊಂಡೆ.

ಮಧ್ಯಾಹ್ನ ನೀರು ಏರಿತು. ಮೊದಲನೆಯದನ್ನು ತಳ್ಳಿದೆವು, ಅದು ಈಜಿತು, ಸುತ್ತು ಹಾಕಿತು, ಮತ್ತೆ ದಡಕ್ಕೇ ಬಂತು. ಎರಡನೆಯದೂ ಹಾಗೆಯೇ. ಸ್ಟಾನಿಸ್ ಒಮ್ಮೆ ಮುಳುಗಿ, ಬಹಳ ಹೊತ್ತಿನ ಮೇಲೆ ಎದ್ದು ಬಂದ.

"ಅಕ್ಕ, ದಿಬ್ಬದ ಮೇಲಿನ ದೊಡ್ಡದು ಕರೀತಾನೇ ಇದೆ. ನೀರೊಳಗೆ ಚೆನ್ನಾಗಿ ಕೇಳುತ್ತೆ. ಅದು ಇಲ್ಲಿರೋ ತನಕ ಇವು ಹೋಗಲ್ಲ. ಮೊದಲು ಅದನ್ನ ಬಿಡಿಸಬೇಕು."

ಊರಿನ ಎರಡು ದೋಣಿ ಬಂದವು. ನೌಕಾಪಡೆಯ ಕ್ಯಾಂಪಿನಿಂದ ಒಂದು ಬೋಟು, ಅದರಲ್ಲಿ ಆರು ಸಿಪಾಯಿಗಳು. ಅವರನ್ನು ಕಂಡರೆ ನಮ್ಮ ಹುಡುಗರು ದಾರಿ ಬದಲಿಸುತ್ತಿದ್ದ ಕಾಲ ಅದು. ಸಿಪಾಯಿಗಳು ಬೂಟು ಕಳಚಿ ನೀರಿಗೆ ಇಳಿದರು. ದೊಡ್ಡ ಬಲೆಯನ್ನು ಮಡಚಿ ತಿಮಿಂಗಿಲದ ಹೊಟ್ಟೆಯಡಿ ತೂರಿಸಿ ಹಗ್ಗ ಕಟ್ಟಿದೆವು. ಒಂದೇ ಹಗ್ಗಕ್ಕೆ ಸ್ಟಾನಿಸನ ಕೈ, ಅದರ ಪಕ್ಕ ಒಬ್ಬ ಸಿಪಾಯಿಯ ಕೈ. ಅವರ ಸಿಂಹಳ ನಮ್ಮ ಹುಡುಗರಿಗೆ ಬಾರದು, ನಮ್ಮ ತಮಿಳು ಅವರಿಗೆ ಬಾರದು. ಎಳೆತ ಕೂಡಿಬರಲಿಲ್ಲ. ಆಗ ಮಾರಿವಿಕ್ ತನ್ನೂರಿನ ಮಾತಿನಲ್ಲೇ ಎಣಿಸತೊಡಗಿದಳು: "ಉಸಾ, ದುಹಾ, ತುಲೋ." ತುಲೋ ಅಂದರೆ ಮೂರು ಎಂದು ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಇಡೀ ದಡವೇ ಎಣಿಸಿತು. ಫಾದರ್ ಸಂತಿಯಾಗು ನಿಲುವಂಗಿ ಎತ್ತಿ ಕಟ್ಟಿ ಎಣಿಸಿದರು. ಏಳನೆಯ ಎಳೆತಕ್ಕೆ ದೊಡ್ಡದು ಕದಲಿತು. ಎಂಟನೆಯದಕ್ಕೆ ಜಾರಿತು.

ಅದು ಆಳಕ್ಕೆ ಹೋಗಿ ಸುಮ್ಮನೆ ನಿಂತಿತು. ಉಳಿದವು ಒಂದೊಂದಾಗಿ ತಿರುಗಿ ಅದರ ಕಡೆ ಹೋದವು. ಎದೆಮಟ್ಟದ ನೀರಿನಲ್ಲಿದ್ದ ನಮ್ಮ ನಡುವೆ, ಕಾಲಿಗೆ ತಾಗದ ಹಾಗೆ ಅವು ಹಾದುಹೋದವು. ಅಷ್ಟು ದೊಡ್ಡ ಜೀವ ಅಷ್ಟು ಮೆಲ್ಲಗೆ ಚಲಿಸಬಲ್ಲದೆಂದು ನಾನು ಎಣಿಸಿರಲಿಲ್ಲ. ಒಂಬತ್ತು ಹೋದವು. ಎರಡು ಸತ್ತುಹೋಗಿದ್ದವು, ಅದರಲ್ಲೊಂದು ಮರಿ. ಹುಡುಗರು ಮಾರನೆಯ ದಿನವೆಲ್ಲ ಮರಳು ತೋಡಿ ಅವನ್ನು ಹೂಳಿದರು.

ಫಾದರ್‌ಗೆ ಬರೆದ ಕಾಗದ ಏನಾಯಿತೆಂದು ನಾನು ಕೇಳಲಿಲ್ಲ. ಮುಂದಿನ ಶನಿವಾರ ಹಾಲ್‌ನಲ್ಲಿ ಕುರ್ಚಿ ಹಾಕಬೇಡಿ ಎಂದು ಸ್ಟಾನಿಸ್ ಹೇಳಿಕಳಿಸಿದ. "ಅಕ್ಕ ಬಲೆಯ ಶೆಡ್ಡಿಗೆ ಬರಲಿ. ಅಲ್ಲಿಗೆ ನಾವೂ ಬರ್ತೀವಿ." ಹೋದಳು. ಹಾಡಲಿಲ್ಲ, ಬೋಧಿಸಲಿಲ್ಲ. ಮೂವತ್ತು ಜನ ಹರಿದ ಬಲೆ ಹೆಣೆಯುತ್ತಾ ಕೂತರು. ಒಬ್ಬ ಹುಡುಗ ತಾನಾಗಿಯೇ, "ಅಕ್ಕ, ಬೈಬಲಿನಲ್ಲಿ ಯೋನನನ್ನ ನುಂಗಿತ್ತಲ್ಲ ಆ ದೊಡ್ಡ ಮೀನು, ಅದಕ್ಕೆ ಒಳಗೆ ನೋವಾಗಿರಲ್ವಾ?" ಎಂದು ಕೇಳಿದ. ಅಲ್ಲಿಂದ ಮಾತು ಸಂಜೆಯಾದರೂ ಮುಗಿಯಲಿಲ್ಲ. ಹುಡುಗಿಯರಿಗೆ ಅವಳು ಈಜು ಕಲಿಸಿದಳು. ತಾಯಂದಿರು ನನ್ನ ಜಗಲಿಗೇ ಬಂದು ಜಗಳವಾಡಿದರು; ಎರಡು ವರ್ಷದಲ್ಲಿ ಅವರಲ್ಲಿ ಇಬ್ಬರು ತಾವೂ ಕಲಿತರು.

ಎಲ್ಲವೂ ನೆಟ್ಟಗಾಯಿತು ಎಂದರೆ ಸುಳ್ಳಾಗುತ್ತದೆ. ಸ್ಟಾನಿಸ್ ಎರಡು ಸಲ ಪುಡಿ ಬಿಟ್ಟು ಎರಡು ಸಲ ಮತ್ತೆ ಹಿಡಿದ. ಮೂರನೆಯ ಸಲ ಬಿಟ್ಟು ಈಗ ನಾಲ್ಕು ವರ್ಷ. ಇಬ್ಬರು ಹುಡುಗರನ್ನು ನಮ್ಮಿಂದ ಉಳಿಸಿಕೊಳ್ಳಲಾಗಲಿಲ್ಲ. ಅವರ ಹೆಸರನ್ನು ಮಾರಿವಿಕ್ ಪ್ರತಿ ಶನಿವಾರ ಪ್ರಾರ್ಥನೆಯಲ್ಲಿ ಹೇಳುತ್ತಾಳೆ.

ಎರಡು ವರ್ಷಕ್ಕೆಂದು ಬಂದವಳಿಗೆ ಈಗ ಹತ್ತು ವರ್ಷ ದಾಟಿದೆ. ತಾಳೆ ಕಳ್ಳಿನ ವಿನಿಗರ್ ಹಾಕಿ ತನ್ನೂರಿನ ಥರ ಕೋಳಿ ಬೇಯಿಸುತ್ತಾಳೆ, ನನ್ನ ಥರ ಬೈಯುತ್ತಾಳೆ. ಕಳೆದ ವರ್ಷ ಕೊಲಂಬೋದಲ್ಲಿ ವೀಸಾ ಅಧಿಕಾರಿ, "ಇಲ್ಲಿ ನಿಮ್ಮ ಕೆಲಸ ಏನು?" ಎಂದು ಕೇಳಿದರಂತೆ. ಜೊತೆಗೆ ಹೋಗಿದ್ದ ಕ್ಲೊತಿಲ್ಡಾ ಮುಂದೆ ಬಾಗಿ, "ಸರ್, ನಾವು ಮುಳುಗೋವಾಗ ಪಕ್ಕದಲ್ಲಿ ನಿಲ್ತಾರೆ. ಅದಕ್ಕೆ ಏನಂತ ಬರೀತೀರೋ ಬರ್ಕೊಳ್ಳಿ," ಅಂದಳಂತೆ.