ಅತ್ತೆ ಓದಿಸಿದ ಜಪಾನೀ ಕತೆ

ಯುದ್ಧ ಬೇಡ ಎಂದು ಬರೆದು ಜೈಲು ಕಂಡ ಜಪಾನಿನ ಹಳೆಯ ಕಾರ್ಮಿಕ ಲೇಖಕರನ್ನು ಕನ್ನಡಕ್ಕೆ ತರುತ್ತಿದ್ದೇನೆ ಎಂದು ಶಿಕಾರಿಪುರದ ತುಂಬ ಹೇಳಿಕೊಂಡು ತಿರುಗಿದ್ದೆ. ಯಾರೂ ಕ್ಯಾರೇ ಅನ್ನಲಿಲ್ಲ. ಓದಿ ಎಂದವರು ಒಬ್ಬರೇ, ಉಳವಿಯಲ್ಲಿರುವ, ನನಗೆ ಹೆಣ್ಣು ಕೊಟ್ಟ ಅತ್ತೆ. ಅದೇನೂ ಸಾಹಿತ್ಯಪ್ರೀತಿಯಲ್ಲ. ಮಾವ ಮಗನನ್ನು ಸೈನ್ಯಕ್ಕೆ ಸೇರಿಸಲು ಹಟ ಹಿಡಿದಿದ್ದರು, ಅತ್ತೆಗೆ ಅದು ಸುತರಾಂ ಇಷ್ಟವಿರಲಿಲ್ಲ.

“ಅಳಿಯಂದ್ರೇ, ಅವ್ರು ಅಳೋ ಹಂಗೆ ಓದ್ಬೇಕು ನೋಡಿ. ನನ್ ಮಾತಂತೂ ಕೇಳಲ್ಲ, ಜಪಾನಿನೋರು ಹೇಳಿದ್ರಾದ್ರೂ ಕೇಳ್ತಾರೇನೋ.”

ಮಾವ ಸೈನ್ಯದಲ್ಲಿ ಅಡುಗೆಯವರಾಗಿದ್ದವರು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಅವರ ಮಾತು ಕೇಳಿದರೆ ಇಡೀ ಗಡಿಯನ್ನು ಸೌಟು ಹಿಡಿದೇ ಕಾದಂತಿತ್ತು.

ಭಾನುವಾರ ಸಂಜೆ ಓದಲು ಕುಳಿತೆ. ಕತೆಯಲ್ಲಿ ಗಿರಣಿಯ ಕೂಲಿಯೊಬ್ಬನನ್ನು ಯುದ್ಧಕ್ಕೆ ಎಳೆದೊಯ್ಯುತ್ತಾರೆ. ಲಾಭ ಮಾಲೀಕನಿಗೆ, ಗುಂಡು ಇವನಿಗೆ. ನಾನು ದನಿ ನಡುಗಿಸಿ ಓದಿದೆ. ಮಾವ ತೂಕಡಿಸಿದರು. ಅತ್ತೆ ಬೇಕೆಂದೇ ಲೋಟ ಬೀಳಿಸಿದರು.

ಹಿಮದಲ್ಲಿ ಸೈನಿಕರು ಹೆಪ್ಪುಗಟ್ಟಿದ ಅನ್ನ ಕಚ್ಚುವಲ್ಲಿಗೆ ಬಂದಾಗ ಮಾವ ದಿಗ್ಗನೆ ನೆಟ್ಟಗಾದರು.

“ನಿಲ್ಸ್ರೀ! ಯಾವನ್ರೀ ಅವ್ನು ಅಡಿಗೆಯೋನು? ಮಾನ ಮರ್ಯಾದೆ ಬೇಡ್ವಾ? ಆ ಚಳೀಲಿ ಅನ್ನ ಕಳಿಸ್ತಾರಾ? ಚಪಾತಿ ಮಾಡಿ ಬಟ್ಟೇಲಿ ಸುತ್ತಿ ಕಳಿಸ್ಬೇಕು!”

“ಮಾವಾ, ಅದು ಕತೆ.”

“ಕತೆ ಅಂತ ಹುಡುಗ್ರನ್ನ ಉಪವಾಸ ಕೆಡವ್ತೀರೇನ್ರೀ?”

ಅಯ್ಯೋ ಶಿವನೇ! ಜೈಲಿಗೆ ಹೋಗಿ ಬರೆದವರ ಕತೆ ನಮ್ಮ ಮಾವನ ಬಾಯಲ್ಲಿ ಅಡುಗೆಯ ಜಗಳವಾಯಿತು. ಅತ್ತೆ ನನ್ನನ್ನೇ ದುರುಗುಟ್ಟಿ ನೋಡಿದರು. ನನಗೂ ರೇಗಿತು.

“ಹಂಗಾದ್ರೆ ನಿಮ್ ಅಡಿಗೆ ಅಷ್ಟು ಚಂದ ಇತ್ತಾ?”

“ಕೇಳ್ಬೇಕಾ? ಯಾರಿಗೆ ಖಾರ ಆಗಲ್ಲ, ಯಾರಿಗೆ ಉಪ್ಪಿನ್ಕಾಯಿ ಬೇಕು, ಎಲ್ಲ ಬಾಯಿಪಾಠ. ಒಂದು ಚೂರು ಮಿಕ್ತಿರ್ಲಿಲ್ಲ ಮಾರಾಯ್ರೇ. ಒಂದ್ಸಲ ಮಾತ್ರ...” ಮಾವ ನಿಲ್ಲಿಸಿದರು. ಅವರು ಮಾತಿನ ನಡುವೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಬೆಳಿಗ್ಗೆ ತಿಂದು ಹೋದೋರು ರಾತ್ರಿ ಊಟಕ್ಕೆ ಬರ್ಲಿಲ್ಲ. ಮಾಡಿದ್ದೆಲ್ಲ ಹಂಗೇ ಇತ್ತು.”

ನಾನು ಹಾಳೆ ಮಡಿಸಿಟ್ಟೆ.

ಅಷ್ಟರಲ್ಲಿ ಅವರ ಮಗ, ಭರ್ತಿಗೆಂದು ಓಟದ ಅಭ್ಯಾಸ ಮಾಡಿ, ಬೆವರು ಒರೆಸುತ್ತಾ ಬಂದ. ಮಾವ ತಾವೇ ಎದ್ದು ತಟ್ಟೆ ಹಾಕಿ ಬಡಿಸಿದರು.

“ನಾಳೆಯಿಂದ ಓಡಕ್ಕೆ ಹೋಗ್ಬ್ಯಾಡ.”

“ಯಾಕಪ್ಪಾ?”

“ಯಾಕೂ ಇಲ್ಲ. ದಿನಾ ನನ್ ಕಣ್ಮುಂದೆ ಕೂತು ಊಟ ಮಾಡು.”