ಆಫ್ರಿಕಾದ ಗೋರೋಚನ

ಮುಂಬೈಗೆ ಹೋದ ನಮ್ಮ ಕಡೆಯವರೆಲ್ಲ ಹೋಟೆಲಿನಲ್ಲೇ ಇರಬೇಕೆಂಬುದು ಊರಿನ ಲೆಕ್ಕ. ಕೋಟೇಶ್ವರದ ನನ್ನ ಗೆಳೆಯ ಗೋವರ್ಧನ ಮಾತ್ರ ಕಲ್ಲಿನ ಅಂಗಡಿ ಸೇರಿದ್ದ. ಪರದೇಶದ ಗಣಿಗಳ ಹರಳುಗಳನ್ನು ಸಿರಿವಂತರಿಗೆ ಮಾರುವ ಅಂಗಡಿ. ರಜೆಯಲ್ಲಿ ಊರಿಗೆ ಬಂದರೆ ಅವನ ಬಾಯಿಗೆ ಬೀಗವಿಲ್ಲ. ಕೇಳುವವರು ಮೆಲ್ಲಗೆ ಜಾರಿಕೊಳ್ಳಬೇಕು.

೧೯೯೯ರಲ್ಲಿ ಧಣಿ ಕೊಟ್ಟನೆಂದು ಒಂದು ಕಲ್ಲು ತಂದ. ಡೆಸ್ಕ್ಲೋಯಿಜೈಟ್ ಅಂತೆ, ಹೇಳಲು ನಾಲಿಗೆ ತೊಡರುತ್ತದೆ. ಸೀಸ, ಸತು, ವನೇಡಿಯಂ ಸೇರಿ ಆದ, ಆಫ್ರಿಕಾದ ಅಪರೂಪದ ಖನಿಜ. ಕಂದು ಮೈ, ಎಣ್ಣೆ ಸವರಿದಂಥ ಹೊಳಪು. ಗಾತ್ರಕ್ಕೆ ಮೀರಿದ ಭಾರ, ಆದರೆ ಚಾಕುವಿಗೆ ಸುಲಭವಾಗಿ ಗೀರು ಬೀಳುವಷ್ಟು ಮೆದು. ಒರಟು ಕಲ್ಲಿಗೆ ಉಜ್ಜಿದರೆ ಕಿತ್ತಳೆ ಗೆರೆ. ಇದನ್ನು ಮುಟ್ಟಿದ ಕೈ ತೊಳೆಯದೆ ಅಂಗಡಿಯಲ್ಲಿ ಉಣ್ಣಲು ಬಿಡುತ್ತಿರಲಿಲ್ಲವಂತೆ. ನನಗೆ ಇಷ್ಟೆಲ್ಲ ಕೊರೆದವನು, ತಾಯಿ ಸರಸಕ್ಕ ಇದೆಂತದೆಂದು ಕೇಳಿದಾಗ ತಮಾಷೆ ಮಾಡಿದ.

“ಆಫ್ರಿಕಾದ ಗೋರೋಚನ ಅಮ್ಮಾ. ಜೋಪಾನ ಮಾಡ್.”

ಗೋರೋಚನವೆಂದರೆ ದನದ ಪಿತ್ತಕೋಶದಲ್ಲಿ ಸಿಗುವ ಕಲ್ಲಿನಂಥ ಗಟ್ಟಿ. ಅದನ್ನು ತೇಯ್ದು ಎಳೆಮಕ್ಕಳಿಗೆ ನೆಕ್ಕಿಸುವುದು ನಮ್ಮಲ್ಲಿ ವಾಡಿಕೆ. ಮಗ ಸುಳ್ಳು ಹೇಳಿಯಾನೆಂದು ಸರಸಕ್ಕನಿಗೆ ಅನಿಸಲೇ ಇಲ್ಲ.

ಮರುವರ್ಷ ಗೋವರ್ಧನನ ಹೆಂಡತಿ ಕುಸುಮ, ಬಾಣಂತನ ಮುಗಿಸಿ ತವರಿನಿಂದ ಮಗಳು ಚಂದನಾಳನ್ನು ಎತ್ತಿಕೊಂಡು ಬಂದಳು. ಸರಸಕ್ಕ ದಿನಾ ಆ ಕಲ್ಲನ್ನು ಎದೆಹಾಲಿನಲ್ಲಿ ತೇಯ್ದು ಮಗುವಿನ ನಾಲಿಗೆಗೆ ಹಚ್ಚಿದಳು. ಬಣ್ಣವೂ ಗೋರೋಚನದ್ದೇ, ಇನ್ನೇನು ಅನುಮಾನ? ಹೊಟ್ಟೆಯ ಹುಳಿಗೆ ಕರಗಿದ ಸೀಸ ರಕ್ತ ಸೇರಿತು. ಮಗು ಬಿಳಿಚಿಕೊಂಡಿತು, ಕುಡಿದ ಹಾಲು ಕಕ್ಕಿತು, ಒಂದು ದಿನ ಕೈಕಾಲು ಸೆಟೆದು ಕಣ್ಣು ಮೇಲಾಯಿತು.

ಸುದ್ದಿ ಕೇಳಿ ಗೋವರ್ಧನ ಓಡಿಬಂದ. ರಕ್ತ ಪರೀಕ್ಷಿಸಿದ ಡಾಕ್ಟರು ಮನೆಯಲ್ಲಿ ಸೀಸದ ವಸ್ತು ಏನಿದೆ ಎಂದು ಕೇಳಿದಾಗ ಅವನಿಗೆ ಆ ಕಲ್ಲು ನೆನಪಾಯಿತು. ಮನೆಗೆ ಹೋಗಿ ನೋಡಿದರೆ ಕಲ್ಲಿನ ಒಂದು ಬದಿ ನುಣ್ಣಗೆ ಸವೆದಿತ್ತು. ಅದನ್ನು ಹೊಳೆಗೆಸೆದು, ಇನ್ನು ಮಗುವಿಗೆ ಏನೂ ತೇಯ್ದು ಕೊಡಬೇಡವೆಂದು ತಾಯಿಗೆ ಹೇಳಿದ. ಯಾಕೆಂದು ಹೇಳಲಿಲ್ಲ. ಹೇಳಿದರೆ ಬಾವಿಗೆ ಹಾರಿಯಾಳೆಂಬ ಹೆದರಿಕೆ. ಡಾಕ್ಟರನ್ನು ಬಿಟ್ಟರೆ ಅವನು ನಿಜ ಹೇಳಿದ್ದು ನನಗೊಬ್ಬನಿಗೆ. ಎಲ್ಲದಕ್ಕೂ ಬಾಯಿ ಹಾಕುವ ನಾನೂ ಇದರಲ್ಲಿ ಸುಮ್ಮನಾದೆ.

ಮಗುವಿನ ಜೀವ ಉಳಿಯಿತು, ಬುದ್ಧಿ ಬೆಳೆಯಲಿಲ್ಲ. ಶಾಲೆಗೆ ಹೋಗುವ ವಯಸ್ಸಾದರೂ ಚಂದನಾ ಒಂದು ಮಾತಾಡಲಿಲ್ಲ. ಗೋವರ್ಧನ ಮುಂಬೈ ಬಿಟ್ಟು ಊರಲ್ಲೇ ಕೂತ. ಅವನ ನಗುಮುಖ ನೋಡಿದ ನೆನಪೇ ನನಗೆ ಅಳಿಸಿಹೋಗಿದೆ. ಮನಸ್ಸು ತಡೆಯದೆ ಒಮ್ಮೆ ಅವರ ಮನೆಗೆ ಹೋದೆ. ಸರಸಕ್ಕ ಮೊಮ್ಮಗಳ ಜೊಲ್ಲು ಒರೆಸುತ್ತ ಮಗನ ಕಡೆ ತಿರುಗಿದಳು.

“ಆಗ ಗೋರೋಚನ ಬಿಡ್ಸಿದ್ದೇ ತಪ್ಪಾಯ್ತ್ ಮಗಾ. ಕೊಡ್ತಾ ಇದ್ರೆ ಹೆಣ್ಣಿಗ್ ಈಗ ಮಾತ್ ಬತ್ತಿತ್. ಇನ್ನೊಂದ್ ಚೂರ್ ಸಿಕ್ಕುತ್ತಾ ಅಂತ ನಿನ್ನ ಧಣಿ ಹತ್ರ ಕೇಂಡ್ ಕಾಣ್.”

“ಕೇಂತೆ ಅಮ್ಮಾ,” ಅಂದ ಗೋವರ್ಧನ.